ಎಚ್ಚರಿಕೆ ಆಕಾಶದಿಂದ ಬರಲಿ, ರಿಸೀವರ್ ಕೈಗೆಟುಕಲಿ

2025ರ ಮೇ 18, ಭಾನುವಾರ. ಊಟ ಮುಗಿಸಿ ಮಲಗುವ ಹೊತ್ತಿಗೆ ಮಳೆ ಹಿಡಿದಿತ್ತು. ಕೆ.ಆರ್. ಪುರದ ಕಡೆ, ತಗ್ಗಿನ ಬಡಾವಣೆಯೊಂದರಲ್ಲಿ ನಮ್ಮ ಬಾಡಿಗೆ ರೂಮು. ಮೊದಲ ಮಹಡಿಯಲ್ಲಿ ನಾನು ಮತ್ತು ಮಲ್ಪೆಯಿಂದ ಬಂದಿರುವ ನನ್ನ ರೂಮ್‌ಮೇಟ್. ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಅಕ್ಕ, ಅವರ ಗಂಡ, ನಾಲ್ಕು ವರ್ಷದ ಮಗಳು. ರಾತ್ರಿ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆ ಮೊಬೈಲಿನ ಸಿಗ್ನಲ್ ಕಡ್ಡಿಗಳೂ ಒಂದೊಂದಾಗಿ ಮಾಯವಾದವು. ಬೆಂಗಳೂರಲ್ಲಿ ಇದೆಲ್ಲ ಮಾಮೂಲು ಎಂದುಕೊಂಡು ನಿದ್ದೆ ಹೋದೆವು.

ಮೂರು ಗಂಟೆಗೆ ಅಕ್ಕ ಬಾಗಿಲು ಬಡಿದರು. 'ನೀರು ಒಳಗೇ ಬಂದ್ಬಿಡ್ತು ಕಣಪ್ಪಾ, ಬೇಗ ಬನ್ನಿ' ಎಂದರು. ಇಳಿದು ನೋಡಿದರೆ ಮೊಣಕಾಲುದ್ದ ಕೆಸರು ನೀರು. ಚಾಪೆಯ ಮೇಲೆ ಮಲಗಿದ್ದ ಮಗುವಿನ ಬೆನ್ನು ಒದ್ದೆಯಾಗಿ ಅದು ಅತ್ತಾಗಲೇ ಮನೆಯವರಿಗೆ ಎಚ್ಚರವಾದದ್ದಂತೆ. ರೂಮ್‌ಮೇಟ್ ಮಗುವನ್ನು ಎತ್ತಿಕೊಂಡು ಮೇಲೆ ಓಡಿದ. ಹೊಲಿಗೆ ಯಂತ್ರದ ಮೋಟಾರ್ ಮುಳುಗಿತ್ತು. ಮದುವೆ ಸೀಸನ್ನಿಗೆಂದು ಗಿರಾಕಿಗಳು ಕೊಟ್ಟಿದ್ದ ಬ್ಲೌಸ್ ಪೀಸುಗಳು ನೀರಿನಲ್ಲಿ ತೇಲುತ್ತಿದ್ದವು.

ಬೆಳಿಗ್ಗೆ ಏಳೂವರೆಗೆ ಸಿಗ್ನಲ್ ಬಂತು. ಸಾಲಾಗಿ ಬಂದ ಮೆಸೇಜುಗಳಲ್ಲಿ ಒಂದು ಹೀಗಿತ್ತು: ಮುಂದಿನ ಕೆಲವು ಗಂಟೆಗಳಲ್ಲಿ ಗುಡುಗು ಸಹಿತ ಭಾರಿ ಮಳೆಯಾಗುವ ಸಾಧ್ಯತೆ, ಎಚ್ಚರಿಕೆಯಿಂದಿರಿ. ಅದನ್ನು ಕಳಿಸಿದ್ದು ಹಿಂದಿನ ರಾತ್ರಿ. ಅಕ್ಕನಿಗೆ ತೋರಿಸಿದೆ. ಅವರು ಸೀರೆಯ ಸೆರಗು ಹಿಂಡುತ್ತಾ, 'ಈಗ ಬಂತಾ?' ಎಂದರು, ಅಷ್ಟೇ.

ಅವತ್ತು ನಗರದಲ್ಲಿ 100 ಮಿಲಿಮೀಟರಿಗೂ ಹೆಚ್ಚು ಮಳೆಯಾಗಿತ್ತು. ಹೊರಮಾವಿನ ಸಾಯಿ ಲೇಔಟಿನಲ್ಲಿ ಜನರನ್ನು ದೋಣಿಯಲ್ಲಿ ಸಾಗಿಸಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ನಮ್ಮ ಬೀದಿಯ ನಷ್ಟ ಸುದ್ದಿಯಾಗುವಷ್ಟು ದೊಡ್ಡದಲ್ಲ. ಆದರೆ ಆ 'ಈಗ ಬಂತಾ?' ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್ ಓದಿ, ಒಂದು ವರ್ಷದಿಂದ ಕೆಲಸ ಹುಡುಕುತ್ತಿರುವವನು. ಸಂದೇಶವೊಂದನ್ನು ಇಲ್ಲಿಂದ ಅಲ್ಲಿಗೆ ತಲುಪಿಸುವುದು ಹೇಗೆಂದು ನಾಲ್ಕು ವರ್ಷ ಓದಿದ್ದೇನೆ. ಮುನ್ಸೂಚನೆ ಇತ್ತು, ಬರೆದವರಿದ್ದರು, ಕಳಿಸಿದವರಿದ್ದರು. ಕೆಳಗಿನ ಮನೆಗೆ ಮಾತ್ರ ತಲುಪಲಿಲ್ಲ.

ಮಳೆಯಲ್ಲೇ ಮಲಗುವ ಟವರ್

ನಮ್ಮ ಎಚ್ಚರಿಕೆಗಳೆಲ್ಲ ಇವತ್ತು ಮೊಬೈಲ್ ಟವರನ್ನು ನಂಬಿಕೊಂಡಿವೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳೆಲ್ಲ ಒಮ್ಮೆಲೇ ವಿಚಿತ್ರವಾಗಿ ಕಿರುಚಿದ್ದು ನೆನಪಿದೆಯೇ? ಸೆಲ್ ಬ್ರಾಡ್‌ಕಾಸ್ಟ್ ಎಂಬ ತುರ್ತು ಎಚ್ಚರಿಕೆ ವ್ಯವಸ್ಥೆಯ ಪರೀಕ್ಷೆ ಅದು. ಒಳ್ಳೆಯ ವ್ಯವಸ್ಥೆ. ಟವರಿನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಒಂದೇ ಸಲ ಸಂದೇಶ ಹೋಗುತ್ತದೆ, ನಂಬರ್ ಗೊತ್ತಿರಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಬೆಂಗಳೂರಿಗಾಗಿ 'ಮೇಘ ಸಂದೇಶ' ಆ್ಯಪ್ ಕೊಟ್ಟಿದೆ. ಮಳೆ ಅಳೆಯುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ.

ಆದರೆ ಟವರಿಗೆ ಕರೆಂಟ್ ಬೇಕು. ಕರೆಂಟ್ ಹೋದರೆ ಬ್ಯಾಟರಿ, ಬ್ಯಾಟರಿ ಮುಗಿದರೆ ಜನರೇಟರ್. ಟವರಿಗೆ ಬರುವ ಕೇಬಲ್ ತುಂಡಾಗಬಾರದು. ಈ ಸರಪಳಿಯ ಯಾವುದೋ ಒಂದು ಕೊಂಡಿ ಕಳಚುವುದು ಸಾಮಾನ್ಯವಾಗಿ ಭಾರಿ ಮಳೆಯ ರಾತ್ರಿಯೇ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ರಸ್ತೆ, ಕರೆಂಟ್, ಫೋನ್ ಮೂರೂ ಒಟ್ಟಿಗೇ ಹೋಗಿ, ಎಷ್ಟೋ ಊರುಗಳ ಸುದ್ದಿ ಹೊರಗೆ ಬರುವುದೇ ಕಷ್ಟವಾಯಿತು. ನೀರು ನುಗ್ಗುವ ಮನೆಗೆ ಎಚ್ಚರಿಕೆ ತರಬೇಕಾದ ದಾರಿಯನ್ನೂ ಅದೇ ನೀರು ಕಡಿಯುತ್ತದೆ.

'ನಮ್ಮ ಕಡೆ ಇದೇ ಕಥೆ ಮಾರಾಯ' ಎಂದ ನನ್ನ ರೂಮ್‌ಮೇಟ್. ಅವನ ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. 'ದಡದಿಂದ ಸ್ವಲ್ಪ ದೂರ ಹೋದ್ರೆ ಆಯ್ತು, ಫೋನ್ ಬರೀ ಟಾರ್ಚ್. ಗಾಳಿ ಎದ್ದದ್ದು ಗೊತ್ತಾಗೋದು ಗಾಳಿ ಎದ್ದ ಮೇಲೆಯೇ.'

ನಲವತ್ತು ವರ್ಷ ಹಳೆಯ ಜಾಣತನ

ಉಪಗ್ರಹ ಪ್ರಸಾರದ ವಿಶೇಷ ಇಲ್ಲಿದೆ. ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತೋ ಇಲ್ಲವೋ ಎಂಬ ಹಂಗಿಲ್ಲ. ರೇಡಿಯೊದಂತೆ, ಒಬ್ಬರು ಹೇಳಿದ್ದನ್ನು ಎಷ್ಟು ಜನ ಬೇಕಾದರೂ ಕೇಳಬಹುದು. ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಕಳಿಸುವವರ ಖರ್ಚು ಒಂದೇ. ಜಾಮ್ ಆಗುವ ಭಯವೂ ಇಲ್ಲ. ಕೇಳಲು ಬೇಕಾದದ್ದು ಒಂದು ರಿಸೀವರ್, ಒಂದು ಬ್ಯಾಟರಿ.

ಇದನ್ನು ಭಾರತ 1980ರ ದಶಕದಲ್ಲೇ ಮಾಡಿ ತೋರಿಸಿತ್ತು. ಇನ್ಸಾಟ್ ಉಪಗ್ರಹಗಳ ಮೂಲಕ ಚಂಡಮಾರುತದ ಎಚ್ಚರಿಕೆ ಕೊಡುವ ವ್ಯವಸ್ಥೆಯನ್ನು ಹವಾಮಾನ ಇಲಾಖೆ ಕರಾವಳಿಯಲ್ಲಿ ಕಟ್ಟಿತು. ಯಾವ ಜಿಲ್ಲೆಗೆ ಅಪಾಯವೋ ಆ ಜಿಲ್ಲೆಯ ರಿಸೀವರುಗಳು ಮಾತ್ರ ತಾವಾಗಿಯೇ ಎಚ್ಚೆತ್ತು, ಮೊದಲು ಸೈರನ್ ಕೂಗಿ, ಆಮೇಲೆ ಸ್ಥಳೀಯ ಭಾಷೆಯಲ್ಲಿ ಸಂದೇಶ ಹೇಳುತ್ತಿದ್ದವು. ಯಾರೂ ಆ್ಯಪ್ ತೆರೆಯಬೇಕಿರಲಿಲ್ಲ. ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಇರುವುದು ನಮ್ಮದೇ ಹಾಸನದಲ್ಲಿ. ಹವಾಮಾನಕ್ಕೆಂದೇ 2024ರ ಫೆಬ್ರುವರಿ 17ರಂದು ಹಾರಿದ ಇನ್ಸಾಟ್-3ಡಿಎಸ್‌ವರೆಗೂ ಆ ವಂಶ ಬೆಳೆದಿದೆ. ಆದರೆ ಆ ಸೈರನ್ ಇರುವ ಪೆಟ್ಟಿಗೆ ಕರಾವಳಿ ದಾಟಿ ಒಳನಾಡಿನ ಬೀದಿಗಳಿಗೆ ಬರಲಿಲ್ಲ.

ಎರಡೂ ತುದಿ ನಮ್ಮ ಕಡೆಯೇ

ಈಗ ನಮ್ಮ ಪೂರ್ವ ಬೆಂಗಳೂರಿನ ಮಾತಿಗೆ ಬರೋಣ. ಹಲಸೂರಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಪೂರ್ವಕ್ಕೆ ಹೊರಡಿ. ಇಂದಿರಾನಗರದ ದಕ್ಷಿಣಕ್ಕೆ ವಿಮಾನಪುರದಲ್ಲಿ ಇಸ್ರೊದ ಯು.ಆರ್. ರಾವ್ ಉಪಗ್ರಹ ಕೇಂದ್ರ. ದೇಶದ ಉಪಗ್ರಹಗಳು ರೂಪುಗೊಳ್ಳುವುದು ಅಲ್ಲಿ. ಮಾರತಹಳ್ಳಿಯ ಬಳಿ ಅವುಗಳನ್ನು ಜೋಡಿಸಿ ಪರೀಕ್ಷಿಸುವ ಘಟಕ. ಟಿನ್ ಫ್ಯಾಕ್ಟರಿ, ಕೆ.ಆರ್. ಪುರ ದಾಟಿ ಮುಂದೆ ಹೋದರೆ ಕುಂದಲಹಳ್ಳಿ. 'ಗಗನ್' ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಈ ಕುಂದಲಹಳ್ಳಿಯಲ್ಲಿ.

ಗಗನ್ ಅನ್ನು ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ್ದು ವಿಮಾನಗಳಿಗಾಗಿ, ಜಿಪಿಎಸ್ ತೋರಿಸುವ ಜಾಗದಲ್ಲಿನ ತಪ್ಪನ್ನು ತಿದ್ದಲು. ಅದರ ಸಂಕೇತವನ್ನು ಜಿಸ್ಯಾಟ್-8, ಜಿಸ್ಯಾಟ್-10, ಜಿಸ್ಯಾಟ್-15 ಉಪಗ್ರಹಗಳು ಇಡೀ ದೇಶದ ಮೇಲೆ, ಸಮುದ್ರದ ಮೇಲೂ, ಹರಡುತ್ತವೆ. 2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಮೀನುಗಾರರು ಆಗಲೇ ಆಳ ಸಮುದ್ರದಲ್ಲಿದ್ದರು. ಎಚ್ಚರಿಕೆ ಅವರನ್ನು ಮುಟ್ಟಲಿಲ್ಲ. ನೂರಾರು ಮಂದಿ ಸತ್ತರು ಅಥವಾ ಕಾಣೆಯಾದರು. ಆ ಪಾಠದಿಂದ ಹುಟ್ಟಿದ್ದು 'ಜೆಮಿನಿ' ಎಂಬ ಪುಟ್ಟ ಸಾಧನ. 2019ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ಗಗನ್ ಸಂಕೇತದ ಜೊತೆಗೇ ಬರುವ ಹವಾಮಾನ ಎಚ್ಚರಿಕೆಯನ್ನು ಹಿಡಿದು ಬ್ಲೂಟೂತ್ ಮೂಲಕ ಮೊಬೈಲಿಗೆ ಕೊಡುತ್ತದೆ. ಮೊಬೈಲಿನ ಆ್ಯಪ್ ಅದನ್ನು ಒಂಬತ್ತು ಪ್ರಾದೇಶಿಕ ಭಾಷೆಗಳಲ್ಲಿ ತೋರಿಸುತ್ತದೆ. ಟವರ್ ಬೇಡ, ಸಿಮ್ ಬೇಡ. ಇದನ್ನು ತಯಾರಿಸಿದ್ದು ಬೆಂಗಳೂರಿನ ಅಕಾರ್ಡ್ ಕಂಪನಿ, ಅದೂ ಇಂದಿರಾನಗರದ ಪಕ್ಕದ ದೊಮ್ಮಲೂರಿನದು.

ಅಂದರೆ ಸಂಕೇತ ಹೊರಡುವ ತುದಿಯೂ ಅದನ್ನು ಹಿಡಿಯುವ ತುದಿಯೂ ನಮ್ಮ ಕಡೆಯೇ ಇವೆ. ನಡುವಿನ ಬೀದಿಯಲ್ಲಿ ನನ್ನ ಅಕ್ಕನ ಹೊಲಿಗೆ ಯಂತ್ರ ಮುಳುಗಿತು.

ಜೆಮಿನಿಯ ಬೆಲೆ ಬಿಡುಗಡೆಯ ಹೊತ್ತಿಗೆ ಸುಮಾರು 9,000 ರೂಪಾಯಿ. ಅದು ಬರೀ ಕೇಳುವ ಸಾಧನ, ತಿರುಗಿ ಮಾತಾಡಲಾಗದು. ಆ ಕೊರತೆ ನೀಗಿಸಲು ಈಗ ಎರಡೂ ಕಡೆ ಸಂದೇಶ ಹೋಗುವ ಉಪಗ್ರಹ ಟ್ರಾನ್ಸ್‌ಪಾಂಡರುಗಳನ್ನು ಮೀನುಗಾರಿಕೆ ದೋಣಿಗಳಿಗೆ ಉಚಿತವಾಗಿ ಅಳವಡಿಸುವ ಯೋಜನೆ ಬಂದಿದೆ. 2024ರ ಆಗಸ್ಟಿನಲ್ಲಿ ಶುರುವಾದ ಅದರ ಗುರಿ ಒಂದು ಲಕ್ಷ ದೋಣಿ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ನನ್ನ ಪ್ರಶ್ನೆ ಇಷ್ಟೇ: ಸಮುದ್ರದಲ್ಲಿ ಸಿಗ್ನಲ್ ಇಲ್ಲದವರಿಗೆ ಕೊಟ್ಟದ್ದನ್ನು, ನೆಲದ ಮೇಲೆ ಬೇಕಾದ ಹೊತ್ತಿಗೇ ಸಿಗ್ನಲ್ ಕಳೆದುಕೊಳ್ಳುವವರಿಗೆ ಯಾಕೆ ಕೊಡಬಾರದು?

ಒಂದು ರೇಡಿಯೊದ ಕಥೆ

ಇಲ್ಲೊಂದು ಎಚ್ಚರಿಕೆಯೂ ಬೇಕು. ನಮ್ಮ ಅಣ್ಣಂದಿರಿಗೆ, ಅಕ್ಕಂದಿರಿಗೆ ವರ್ಲ್ಡ್‌ಸ್ಪೇಸ್ ನೆನಪಿರಬಹುದು. 2000ದಲ್ಲಿ ಹಾರಿದ ಏಷ್ಯಾಸ್ಟಾರ್ ಉಪಗ್ರಹದಿಂದ ನೇರ ಮನೆಗೆ ರೇಡಿಯೊ. ಭಾರತದ ಕಾರ್ಯಾಚರಣೆಗೆ ಬೆಂಗಳೂರೇ ನೆಲೆ. 'ಸ್ಪರ್ಶ' ಎಂಬ ಕನ್ನಡ ವಾಹಿನಿಯೂ ಇತ್ತು. ಇದು ಬರೀ ಹಾಡಿನ ಪೆಟ್ಟಿಗೆಯಾಗಿರಲಿಲ್ಲ. 2004ರ ಸುನಾಮಿಯ ನಂತರ ಶ್ರೀಲಂಕಾದ ಹಳ್ಳಿಗಳಲ್ಲಿ ಇದೇ ಉಪಗ್ರಹದ ರಿಸೀವರುಗಳನ್ನು ವಿಪತ್ತಿನ ಎಚ್ಚರಿಕೆ ಕೊಡಲು ಪ್ರಯೋಗಿಸಿ ನೋಡಿದ್ದರು. ಆದರೆ ಕಂಪನಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತಿತು. ದುಡ್ಡು ಕೊಟ್ಟು ಕೊಂಡ ರಿಸೀವರುಗಳು ರಾತ್ರೋರಾತ್ರಿ ಮೂಕವಾದವು. ಬೇರೆ ಯಾವ ಸಂಕೇತವನ್ನೂ ಹಿಡಿಯಲು ಅವಕ್ಕೆ ಬರುತ್ತಿರಲಿಲ್ಲ.

ಜೀವ ಉಳಿಸುವ ಸಂಕೇತ ಒಂದೇ ಕಂಪನಿಯ ಒಂದೇ ಪೆಟ್ಟಿಗೆಯನ್ನು ನೆಚ್ಚಿಕೊಂಡಿರಬಾರದು ಎಂಬುದು ಇದರ ಪಾಠ. ಸಂಕೇತ ಸಾರ್ವಜನಿಕವಾಗಿರಬೇಕು, ಅದನ್ನು ಬಿಡಿಸುವ ವಿಧಾನ ಎಲ್ಲರಿಗೂ ತೆರೆದಿರಬೇಕು, ರಿಸೀವರನ್ನು ಯಾರು ಬೇಕಾದರೂ ತಯಾರಿಸುವಂತಿರಬೇಕು. ಹತ್ತು ಜನ ತಯಾರಿಸಿದಾಗಲೇ ಬೆಲೆ ಇಳಿಯುತ್ತದೆ.

ಜಪಾನ್ ಇದನ್ನು ಮಾಡುತ್ತಿದೆ. ಅಲ್ಲಿನ ದಾರಿ ತೋರಿಸುವ ಉಪಗ್ರಹ ವ್ಯವಸ್ಥೆ 'ಮಿಚಿಬಿಕಿ', ಭೂಕಂಪ, ಸುನಾಮಿ, ಹವಾಮಾನದ ಎಚ್ಚರಿಕೆಯನ್ನೂ ಅದೇ ಸಂಕೇತದಲ್ಲಿ ನಾಲ್ಕು ಸೆಕೆಂಡಿಗೊಮ್ಮೆ ಬಿತ್ತರಿಸುತ್ತದೆ. ನಮ್ಮಲ್ಲೂ ದಾರಿ ತೋರಿಸುವ ಸ್ವಂತ ವ್ಯವಸ್ಥೆ 'ನಾವಿಕ್' ಇದೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹ, ಜಿಪಿಎಸ್ ಬಳಸುವ ಎಲ್1 ತರಂಗದಲ್ಲೇ ನಾವಿಕ್ ಸಂಕೇತ ಕಳಿಸಬಲ್ಲದು. ಸಾಮಾನ್ಯ ಚಿಪ್‌ಗಳಿಗೂ ಅದನ್ನು ಹಿಡಿಯುವುದು ಸುಲಭ. ನಮ್ಮ ಜೇಬಿನ ಪ್ರತಿ ಸ್ಮಾರ್ಟ್‌ಫೋನಿನಲ್ಲೂ ಉಪಗ್ರಹದ ರಿಸೀವರ್ ಒಂದು ಆಗಲೇ ಕುಳಿತಿದೆ. ಎಸ್.ಪಿ. ರಸ್ತೆಗೆ ಹೋದರೆ ಬಿಡಿ ಜಿಪಿಎಸ್ ಮಾಡ್ಯೂಲ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಇಂಥ ಚಿಪ್ಪಿಗೆ ಎಚ್ಚರಿಕೆ ಓದುವುದನ್ನೂ ಕಲಿಸಿ, ಪಕ್ಕದಲ್ಲಿ ಒಂದು ಬಜರ್, ಒಂದು ಬ್ಯಾಟರಿ ಇಟ್ಟರೆ ಬೆಲೆ 9,000ಕ್ಕಿಂತ ಬಹಳ ಕೆಳಗೆ ಬರಬೇಕು.

'ಮಳೆ ಬಂದರೆ ಡಿಶ್ ಟಿವಿಯೇ ನಿಂತುಹೋಗುತ್ತದೆ, ಇದು ಕೆಲಸ ಮಾಡುತ್ತದೆಯೇ?' ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಡಿಟಿಎಚ್ ಬಳಸುವುದು ಬಹಳ ಹೆಚ್ಚಿನ ಆವರ್ತನದ ತರಂಗ. ಅದನ್ನು ಮಳೆಹನಿಗಳು ಹೀರಿಕೊಳ್ಳುತ್ತವೆ. ಗಗನ್, ನಾವಿಕ್, ಜಿಪಿಎಸ್ ಬಳಸುವ ಎಲ್ ಬ್ಯಾಂಡಿಗೆ ಮಳೆಯ ತೊಂದರೆ ತೀರಾ ಕಡಿಮೆ. ಸುರಿಯುವ ಮಳೆಯಲ್ಲೂ ಡೆಲಿವರಿ ಹುಡುಗರ ಮ್ಯಾಪ್ ಅವರು ಎಲ್ಲಿದ್ದಾರೆಂದು ತೋರಿಸುತ್ತಲೇ ಇರುವುದು ಅದಕ್ಕೇ. ಅದರ ನಿಜವಾದ ತೊಂದರೆ ಬೇರೆ: ಕಾಂಕ್ರೀಟ್ ಸೂರಿನಡಿ ಸಂಕೇತ ಸೊರಗುತ್ತದೆ. ಆದ್ದರಿಂದ ಆ್ಯಂಟೆನಾ ಆಕಾಶ ಕಾಣುವ ಕಡೆ, ಅಂದರೆ ಟೆರೇಸಿನ ಮೇಲೆ ಇರಬೇಕು.

ನಮ್ಮ ಟೆರೇಸಿನ ಪ್ರಯೋಗ

ಆ ಮಳೆಯ ನಂತರ ನಾವಿಬ್ಬರೂ ಒಂದು ಪ್ರಯತ್ನ ಮಾಡಿದೆವು. ನಾಲ್ಕು ಸಾವಿರದೊಳಗೆ ಸಿಗುವ ಎಸ್‌ಡಿಆರ್ ಎಂಬ ಯುಎಸ್‌ಬಿ ರೇಡಿಯೊ ಕಡ್ಡಿಯನ್ನು ಸೀನಿಯರ್ ಒಬ್ಬರಿಂದ ಸಾಲ ತಂದೆವು. ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಎರಡು ಅಲ್ಯೂಮಿನಿಯಂ ಸರಳು ಸಿಕ್ಕವು. ತಲಾ 53 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಇಂಗ್ಲಿಷಿನ 'ವಿ' ಆಕಾರದಲ್ಲಿ ಜೋಡಿಸಿದರೆ ಆ್ಯಂಟೆನಾ ಸಿದ್ಧ. ರಷ್ಯಾದ ಮೀಟಿಯರ್-ಎಂ ಹವಾಮಾನ ಉಪಗ್ರಹಗಳು 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮೋಡದ ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ ಬಿತ್ತರಿಸುತ್ತವೆ. ತಲೆಯ ಮೇಲೆ ಹಾದುಹೋಗುವ ಹತ್ತು–ಹದಿನೈದು ನಿಮಿಷ ಮಾತ್ರ ಅವು ಸಿಗುವುದು.

ಮೂರನೇ ಸಲಕ್ಕೆ ಸಿಕ್ಕಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಸಾಲು ಸಾಲಾಗಿ ಚಿತ್ರ ಇಳಿಯಿತು: ಕೇರಳದ ತುದಿ, ಶ್ರೀಲಂಕಾ, ಬಂಗಾಳ ಕೊಲ್ಲಿಯ ಮೇಲೆ ಬಿಳಿ ಮೋಡದ ಸುರುಳಿ. ನಾವು ಕುಣಿದಾಡಿದೆವು. ಇಂಟರ್ನೆಟ್ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ಗುಜರಿ ಸರಳಿನಲ್ಲಿ ಬಾಹ್ಯಾಕಾಶದಿಂದ ಇಳಿಸಿದ ಚಿತ್ರ! ಓಡಿಹೋಗಿ ಅಕ್ಕನಿಗೆ ತೋರಿಸಿದೆವು. ಅವರು ಚೆನ್ನಾಗಿ ನೋಡಿ ಕೇಳಿದರು: 'ಹಂಗಾದ್ರೆ ರಾತ್ರಿ ಮಿಷನ್ ಎತ್ತಿಡ್ಬೇಕಾ, ಬೇಡ್ವಾ?'

ನಮ್ಮಲ್ಲಿ ಉತ್ತರವಿರಲಿಲ್ಲ. ಚಿತ್ರವೇ ಎಚ್ಚರಿಕೆಯಲ್ಲ ಎಂದು ಅವತ್ತು ಅರ್ಥವಾಯಿತು. ಅಕ್ಕನಿಗೆ ಬೇಕಿರುವುದು ಒಂದು ವಾಕ್ಯ: 'ಇವತ್ತು ರಾತ್ರಿ ಈ ಬಡಾವಣೆಗೆ ನೀರು ನುಗ್ಗಬಹುದು, ನೆಲದ ಮೇಲಿನ ಸಾಮಾನು ಎತ್ತಿಡಿ.' ಆ ವಾಕ್ಯ ಬರೆಯುವವರು ಮಳೆಮಾಪಕ, ರಾಡಾರ್, ರಾಜಕಾಲುವೆಯ ಮಟ್ಟ ಎಲ್ಲವನ್ನೂ ನೋಡುವ ತಜ್ಞರು. ಅದನ್ನು ಕೊನೆಯ ಮನೆಗೆ ಒಯ್ಯುವುದು ಅಗ್ಗದ ರಿಸೀವರಿನ ಕೆಲಸ. ಒಂದಿಲ್ಲದೆ ಇನ್ನೊಂದು ನಿರರ್ಥಕ.

ಕೇಳಬೇಕಾದದ್ದು, ಮಾಡಬೇಕಾದದ್ದು

'ಮೊದಲು ರಾಜಕಾಲುವೆ ಸರಿಮಾಡಿ, ಆಮೇಲೆ ಉಪಗ್ರಹ' ಎನ್ನುವವರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಎಚ್ಚರಿಕೆ ಬಂದರೆ ನೀರು ನಿಲ್ಲುವುದಿಲ್ಲ. ಆದರೆ ಕಾಲುವೆ ಸರಿಯಾಗಲು ವರ್ಷಗಳು ಬೇಕು. ಅಷ್ಟರಲ್ಲಿ ಎಷ್ಟೋ ಮಳೆಗಾಲ ಕಳೆದಿರುತ್ತವೆ. ಮಗುವನ್ನು ಮೇಲಿನ ಮಹಡಿಗೆ ಒಯ್ಯಲು, ಯಂತ್ರ ಎತ್ತಿಡಲು, ಮಾರ್ಕ್ಸ್ ಕಾರ್ಡ್ ಭದ್ರ ಮಾಡಲು ಎರಡು ಗಂಟೆ ಸಾಕಿತ್ತು.

ನಾನು ಕೇಳುವುದು ಮೂರು. ಒಂದು, ನಾವಿಕ್ ಮತ್ತು ಗಗನ್ ಮೂಲಕ ನೆಲದ ಮೇಲಿನ ಜನರಿಗೂ ವಿಪತ್ತಿನ ಸಂದೇಶ ಬಿತ್ತರವಾಗಲಿ. ನಾವಿಕ್ ಸಂಕೇತದ ವಿವರಗಳನ್ನು ಇಸ್ರೊ ಈಗಾಗಲೇ ಸಾರ್ವಜನಿಕವಾಗಿ ಪ್ರಕಟಿಸಿದೆ. ಎಚ್ಚರಿಕೆ ಸಂದೇಶದ ರೂಪವೂ ಅಷ್ಟೇ ಮುಕ್ತವಾಗಿರಲಿ.

ಎರಡು, ಮನೆಗೊಂದು ಎನ್ನುವ ಮೊದಲು ಬೀದಿಗೊಂದು ರಿಸೀವರ್ ಬರಲಿ. ಅಂಗನವಾಡಿ, ಸರ್ಕಾರಿ ಶಾಲೆ, ದೇವಸ್ಥಾನ, ಮಸೀದಿ, ಚರ್ಚು ಹೀಗೆ ಟೆರೇಸೂ ಮೈಕೂ ಇರುವ ಕಡೆ ಸೈರನ್ ಸಮೇತ ಇಡಬಹುದು. ಕಟ್ಟಡ ಕೆಲಸಕ್ಕೆಂದು ಯಾದಗಿರಿ, ರಾಯಚೂರಿನಿಂದ ಬಂದು ಖಾಲಿ ಸೈಟುಗಳ ತಗಡಿನ ಶೆಡ್ಡುಗಳಲ್ಲಿ ಮಲಗುವವರನ್ನು ಮರೆಯದಿರೋಣ. ನೀರು ಮೊದಲು ನುಗ್ಗುವುದು ಅಲ್ಲಿಗೆ.

ಮೂರು, ಭಾಷೆ. ಎಚ್ಚರಿಕೆ ಕನ್ನಡದಲ್ಲಿ, ಬೀದಿಯ ಕನ್ನಡದಲ್ಲಿ ಇರಲಿ. 'ವ್ಯಾಪಕ ಮಳೆಯ ಸಂಭವನೀಯತೆ' ಎಂದರೆ ಯಾರೂ ಹಾಸಿಗೆಯಿಂದ ಏಳುವುದಿಲ್ಲ. ಹಲಸೂರಿನಲ್ಲಿ ತಮಿಳು, ಶಿವಾಜಿನಗರದಲ್ಲಿ ಉರ್ದು ಕೂಡ ಜೊತೆಗಿರಲಿ. ನೀರು ಮಾತೃಭಾಷೆ ಕೇಳಿ ಬರುವುದಿಲ್ಲ.

ಇನ್ನು ನಮ್ಮ ಪಾಲು. ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಯಾರೋ ಮಾಡಿಟ್ಟದ್ದನ್ನು ದುಡ್ಡು ಕೊಟ್ಟು ತಂದು ಸ್ಪೈರಲ್ ಬೈಂಡ್ ಮಾಡುವುದು ಎಂದಾಗಿದೆ. ನಾನೂ ಅದನ್ನೇ ಮಾಡಿದವನು. ಇಂಟರ್‌ವ್ಯೂನಲ್ಲಿ ಅದರ ಬಗ್ಗೆ ಎರಡನೇ ಪ್ರಶ್ನೆ ಕೇಳಿದಾಗ ತಡವರಿಸಿದವನು. ಗುಜರಿ ಸರಳಿನ ಆ್ಯಂಟೆನಾ ಬಗ್ಗೆ ಈಗ ಒಂದು ಗಂಟೆ ಮಾತಾಡಬಲ್ಲೆ. ಎಲೆಕ್ಟ್ರಾನಿಕ್ಸ್ ಓದುವವರು ಸಂಕೇತ ಬಿಡಿಸಲಿ, ಸಿವಿಲ್‌ನವರು ತಮ್ಮ ವಾರ್ಡಿನ ತಗ್ಗು ಗುರುತಿಸಲಿ, ಪತ್ರಿಕೋದ್ಯಮ ಓದುವವರು ಆ ಒಂದು ವಾಕ್ಯವನ್ನು ಸರಿಯಾಗಿ ಬರೆಯುವುದು ಹೇಗೆಂದು ಕಲಿಯಲಿ. ಉಪಗ್ರಹ ಕಟ್ಟುವ ಊರಿನಲ್ಲಿ ಓದಿದ್ದಕ್ಕೆ ಅಷ್ಟಾದರೂ ಮಾಡೋಣ.

ಅಕ್ಕ ಮೋಟಾರಿಗೆ ದುಡ್ಡು ಹೊಂದಿಸಿ ಯಂತ್ರ ಸರಿಮಾಡಿಸಿಕೊಂಡಿದ್ದಾರೆ. ಈಗ ಅದು ನಾಲ್ಕು ಸಿಮೆಂಟ್ ಬ್ಲಾಕ್‌ಗಳ ಮೇಲೆ ನಿಂತಿದೆ. ಕಾಲು ಪೆಡಲಿಗೆ ಸರಿಯಾಗಿ ಎಟಕುವುದಿಲ್ಲ. ಮಣೆಯೊಂದರ ಮೇಲೆ ಕುರ್ಚಿ ಹಾಕಿಕೊಂಡು ಹೊಲಿಯುತ್ತಾರೆ. ಸಂಜೆ ಮೋಡ ಕವಿದರೆ ಮಗಳನ್ನು ನಮ್ಮ ರೂಮಿಗೆ ಕಳಿಸಿ, 'ಇವತ್ತು ಇಲ್ಲೇ ಮಲಗ್ಲಿ ಕಣಪ್ಪಾ' ಎನ್ನುತ್ತಾರೆ. ಸದ್ಯಕ್ಕೆ ನಮ್ಮ ಬೀದಿಯ ಮುನ್ನೆಚ್ಚರಿಕೆ ವ್ಯವಸ್ಥೆ ಅಷ್ಟೇ.